ಸಸಿಯಕ್ಕನ ಕೈಗುಣ

ಸಸಿಯಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಅರ್ಧ ಸತ್ಯ. ಮೂಗಿನ ತುದಿಯಲ್ಲಿದ್ದದ್ದು ದಿನಬಳಕೆಯ ಕೋಪ. ಟ್ರೇ ತೊಳೆಯದೆ ವಾಪಸ್ಸು ತರುವವರ ಮೇಲೆ, ಚಪ್ಪರದ ಬಾಗಿಲನ್ನು ಹಾರುಹೊಡೆದಂತೆ ಬಿಟ್ಟು ಹೋಗುವವರ ಮೇಲೆ, ಸಸಿಯ ಕತ್ತು ಹಿಡಿದು ಎಳೆಯುವವರ ಮೇಲೆ. ಅದು ಬಂದಷ್ಟೇ ಬೇಗ ಇಳಿಯುತ್ತಿತ್ತು, ಬೈಸಿಕೊಂಡವರಿಗೆ ಚಹಾನೂ ಸಿಗುತ್ತಿತ್ತು. ಇನ್ನೊಂದು ಕೋಪ ಬಹಳ ಒಳಗಿತ್ತು. ಅದನ್ನು ಕಟ್ಟಿಕೊಂಡ ಗಂಡನೂ ಪೂರ್ತಿ ನೋಡಿರಲಿಲ್ಲ. ದಪ್ಪಮೆಣಸಿನಕಾಯಿಯ ಬೀಜ ಮೊಳೆಯದೆ ಹೋದ ವರ್ಷ ಅದು ಹೊರಗೆ ಬಂತು.

ಬೇರೆಯವರ ಹೊಲಗಳಿಗೆ ಸಸಿ ಎಬ್ಬಿಸಿಕೊಡುವುದು ಅವಳ ಕೆಲಸ. ತರಕಾರಿ ಬೆಳೆಯುವವರು ಈಗ ಬೀಜವನ್ನು ನೇರ ಮಣ್ಣಿಗೆ ಹಾಕುವುದಿಲ್ಲ. ದುಬಾರಿ ಬೀಜ, ಒಂದು ಕಾಳು ಹಾಳಾದರೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಮೊದಲೇ ಸಸಿಯಕ್ಕನಿಗೆ ಹೇಳಿಟ್ಟು ಹೋಗುತ್ತಾರೆ. ಮನೆಯ ಹಿಂದೆ ಕಂಬ ನಿಲ್ಲಿಸಿ, ಹಸಿರು ನೆರಳುಬಲೆ ಎಳೆದು ಕಟ್ಟಿದ ಚಪ್ಪರ. ಅದರಡಿ ಸಾಲು ಸಾಲು ಕಪ್ಪು ಟ್ರೇಗಳು, ಟ್ರೇ ತುಂಬ ಸಣ್ಣ ಸಣ್ಣ ಗುಳಿಗಳು. ಗುಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಬೆರಳ ತುದಿಯಲ್ಲಿ ಒತ್ತಿ, ಒಂದೊಂದೇ ಬೀಜ ಬಿಟ್ಟು, ಮೇಲೆ ತೆಳ್ಳಗೆ ಪುಡಿ ಉದುರಿಸಿ ನೀರು ಚಿಮುಕಿಸಬೇಕು. ಸಸಿ ನಾಲ್ಕೆಲೆಯಾದ ಮೇಲೆ ಗಂಡ ತನ್ನ ಗೂಡ್ಸ್ ಗಾಡಿಯಲ್ಲಿ ಹೊಲಗಳಿಗೆ ಮುಟ್ಟಿಸುತ್ತಿದ್ದ. ಗಾಡಿಯ ಹಿಂದೆ ಏನೂ ಬರೆಸಿರಲಿಲ್ಲ. ಸಸಿಯಕ್ಕನ ಗಾಡಿ ಎಂದರೆ ಸಾಕಿತ್ತು.

ಇಷ್ಟು ಹೆಸರು ಬಂದದ್ದು ಅವಳ ಕೈಗುಣದಿಂದ ಎಂದು ಜನರ ಮಾತು. ಅವಳು ಮುಟ್ಟಿದ ಬೀಜ ಕಲ್ಲಿನ ಮೇಲೆ ಬಿದ್ದರೂ ಮೊಳೆಯುತ್ತದೆ ಎನ್ನುವವರಿದ್ದರು. ಸ್ವಂತಕ್ಕೆ ನಾಲ್ಕು ಸಾಲು ಹಾಕಿಕೊಳ್ಳುವವರು ಕೂಡ ಬೀಜದ ಪೊಟ್ಟಣವನ್ನು ಒಮ್ಮೆ ಅವಳ ಕೈಗೆ ಕೊಟ್ಟು ವಾಪಸ್ಸು ಇಸಿದುಕೊಂಡು ಹೋಗುತ್ತಿದ್ದರು. ಸಸಿಯಕ್ಕ ಅದನ್ನು ಬೇಡ ಎನ್ನುತ್ತಿರಲಿಲ್ಲ. ಯಾಕೆ ಎನ್ನಬೇಕು? ಅದೇ ಕೈಯ ಬಗ್ಗೆ ಅವಳು ಕೇಳಬಾರದ್ದನ್ನೂ ಕೇಳಿದ್ದಳು.

ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳ ಕೈಗೆ ಒಂದು ಗುಲಾಬಿ ಗಿಡ ಕೊಟ್ಟು ಕುಂಡದಲ್ಲಿ ನೆಡು ಎಂದಿದ್ದರು. ನೆಟ್ಟಳು. ಗಿಡ ಕೆಲವೇ ದಿನದಲ್ಲಿ ಬಾಡಿ ಕಡ್ಡಿಯಾಯಿತು. ಮನೆಗೆ ಬಂದ ನೆಂಟರ ಮುಂದೆ ಅತ್ತೆ ಆ ಕಡ್ಡಿಯನ್ನು ತೋರಿಸಿ, ನಮ್ಮ ಸೊಸೇದು ಬೆಂಕಿ ಕೈ ಎಂದರು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಹಾಲು ಒಡೆದರೂ ಬೆಂಕಿ ಕೈ, ಗಾಜಿನ ಲೋಟ ಬಿರುಕು ಬಿಟ್ಟರೂ ಬೆಂಕಿ ಕೈ. ಮುಂದಿನ ಕಿಟಕಿಯ ಕಟ್ಟೆಯ ಮೇಲೆ ಅತ್ತೆಯ ಕುಂಡಗಳ ಸಾಲಿತ್ತು. ಅದನ್ನು ಮುಟ್ಟಕೂಡದು ಎಂದು ಆವತ್ತೇ ಅಪ್ಪಣೆಯಾಯಿತು. ಸೊಸೆ ಹಠಕ್ಕೆ ಬಿದ್ದು ಮನೆಯ ಹಿಂದೆ ಸಸಿ ಎಬ್ಬಿಸಲು ಶುರುಮಾಡಿದಳು, ಹೆಸರು ಮಾಡಿದಳು, ಸುತ್ತಲಿನ ಹೊಲಗಳೆಲ್ಲ ಅವಳ ಕೈಯಿಂದ ಹೋದ ಸಸಿಗಳಿಂದ ತುಂಬಿದವು. ಆದರೂ ಕಿಟಕಿಯ ಕಟ್ಟೆಯ ಮೇಲಿನ ಕುಂಡಗಳಿಗೆ ಅತ್ತೆ ತಾವೇ ನೀರು ಹಾಕುತ್ತಿದ್ದರು. ಬೆಂಕಿ ಕೈ ಎನ್ನುವುದನ್ನು ನಿಲ್ಲಿಸಿದ್ದರು ನಿಜ, ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಸೊಸೆಯ ಕಾಲ ಹಿತ್ತಲಿನವರೆಗೆ ಮಾತ್ರ ಬಂದಿತ್ತು.

ಹೀಗಿರುವಾಗ ಬೀಜದ ಕಂಪನಿಯವರು ಒಮ್ಮೆ ಕ್ಯಾಮೆರಾ ಹಿಡಿದು ಬಂದರು. ಇಸ್ತ್ರಿ ಅಂಗಿಯ ಒಬ್ಬ ಆಫೀಸರು ಮಾತು ಮಾತಿಗೆ ಅಮ್ಮ, ಅಮ್ಮ ಎನ್ನುತ್ತ, ಅವಳ ಬೊಗಸೆಯಲ್ಲಿ ಸಸಿ ಇಟ್ಟು ನಿಲ್ಲಿಸಿದ. ಇಷ್ಟು ಚೆನ್ನಾಗಿ ಮೊಳೆಯುವುದರ ಗುಟ್ಟೇನು ಎಂದು ಕೇಳಿದ. ಸಸಿಯಕ್ಕ ಒಳಗಿನ ಕೋಣೆಗೂ ಕೇಳುವ ಹಾಗೆ, "ಬೀಜದಲ್ಲೇನಿದೆ, ಎಲ್ಲಾ ನನ್ನ ಕೈಗುಣ" ಎಂದುಬಿಟ್ಟಳು. ಒಳಗಿನ ಕೋಣೆಯಲ್ಲಿ ಅತ್ತೆ ಇದ್ದರು. ಕ್ಯಾಮೆರಾದವರು ನಕ್ಕರು, ಬಹಳ ಚೆನ್ನಾಗಿ ಹೇಳಿದಿರಿ ಎಂದರು. ಸ್ವಲ್ಪ ದಿನಕ್ಕೇ ಬೀಜದ ಅಂಗಡಿಯ ನೆತ್ತಿಯ ಮೇಲೆ ದೊಡ್ಡ ಹಲಗೆ ಎದ್ದಿತು. ಅದರಲ್ಲಿ ಸಸಿಯಕ್ಕನ ಮುಖ, ಮುಖಕ್ಕಿಂತ ದೊಡ್ಡದಾಗಿ ಎರಡು ಕೈ, ಕೆಳಗೆ 'ಒಳ್ಳೆ ಕೈಗೆ ಒಳ್ಳೆ ಬೀಜ' ಎಂಬ ಬರಹ. ವಿಡಿಯೋ ಎಲ್ಲರ ಫೋನಿಗೂ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಆವತ್ತು ಏನೋ ಒಡೆದಿದೆ ಎಂದು ಯಾರಿಗೂ ಅನಿಸಲಿಲ್ಲ. ಅವಳಿಗಂತೂ ಅನಿಸಲೇ ಇಲ್ಲ.

ಆ ವರ್ಷ ದಪ್ಪಮೆಣಸಿನಕಾಯಿ ಸಸಿಗೆ ಹೇಳಿಟ್ಟವರು ಜಾಸ್ತಿ. ಅದೇ ಕಂಪನಿಯ ಬೀಜ, ಅದೇ ಅಂಗಡಿಯ ಪೊಟ್ಟಣ. ಟ್ರೇ ತುಂಬಿ ಇಟ್ಟು ದಿನ ಕಳೆದವು. ದಪ್ಪಮೆಣಸಿನಕಾಯಿ ಸ್ವಲ್ಪ ನಿಧಾನ, ಕಾಯಬೇಕು ಎಂದುಕೊಂಡು ಕಾದಳು. ಪಕ್ಕದ ಸಾಲಿನಲ್ಲಿ ಬೇರೆ ಕಂಪನಿಯ ಟೊಮೆಟೊ, ಬದನೆ ಎರಡೂ ತಲೆಯೆತ್ತಿ ನಿಂತವು. ನೀರು ಅದೇ, ಪುಡಿ ಅದೇ, ನೆರಳು ಅದೇ. ಮೆಣಸಿನಕಾಯಿಯ ಟ್ರೇಗಳಲ್ಲಿ ಮಾತ್ರ ಮುದುಕರ ಬಾಯಲ್ಲಿ ಹಲ್ಲಿದ್ದಂತೆ ಅಲ್ಲೊಂದು ಇಲ್ಲೊಂದು. ಒಂದು ಗುಳಿ ಕೆದಕಿ ನೋಡಿದಳು. ಬೀಜ ಬೆರಳಲ್ಲಿ ಹಿಸುಕಿದರೆ ಕೆಸರಿನ ಹಾಗೆ ಹೋಯಿತು, ಕೆಟ್ಟ ವಾಸನೆ. ಉಳಿದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆಯ ಪಕ್ಕದ ಬೆಚ್ಚನೆ ಜಾಗದಲ್ಲಿಟ್ಟಳು. ಬಟ್ಟೆ ಬಿಚ್ಚಿದಾಗ ಅಲ್ಲೂ ಅದೇ ವಾಸನೆ. ಬೀಜ ಪೊಟ್ಟಣದಲ್ಲೇ ಸತ್ತಿತ್ತು.

ಅವಳಿಗೆ ಮೊದಲು ಬಂದದ್ದು ಕೋಪವಲ್ಲ, ಹೆದರಿಕೆ. ಚಪ್ಪರದ ಬಾಗಿಲಿಗೆ ಬಂದ ಅತ್ತೆ ಖಾಲಿ ಟ್ರೇಗಳನ್ನು ನೋಡಿದರು. ಆಮೇಲೆ ಸೊಸೆಯ ಕೈ ನೋಡಿದರು. ಅಷ್ಟೇ. ನೋಡಿ ಒಳಗೆ ಹೋದರು. ಅಷ್ಟು ವರ್ಷದ ದುಡಿಮೆಯನ್ನು ಒಂದು ನೋಟದಲ್ಲಿ ಗುಡಿಸಿ ಹಾಕಿದ ಹಾಗಾಯಿತು. ಕೋಪ ಬಂದದ್ದು ಆಗ.

ಸುದ್ದಿ ಹಬ್ಬಲು ಹೊತ್ತು ಬೇಕೇ? ಮೊದಲು ಬಂದವರು ನಿವೃತ್ತ ಮೇಷ್ಟ್ರು. ಪಾಠ ಹೇಳುವುದು ಬಿಟ್ಟ ಮೇಲೆ ಮನೆಯ ಪಕ್ಕದ ತುಂಡು ಹೊಲದಲ್ಲಿ ತರಕಾರಿ ಬೆಳೆಯುತ್ತಿದ್ದರು, ಸಸಿಗಾಗಿ ಯಾವತ್ತೂ ಬೇರೆ ಕಡೆ ಹೋದವರಲ್ಲ. ಚಪ್ಪಲಿ ಬಿಟ್ಟು, ಟ್ರೇಗಳ ಮೇಲೆ ಬಗ್ಗಿ ನೋಡಿ, ಕೆಮ್ಮಿ, ಈ ಸಲ ಬೇರೆ ನರ್ಸರಿಯವನಿಗೆ ಹೇಳಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಮ್ಮ, ಮುಂದಿನ ಸಲ ಕೈ ಸರಿಹೋಗುತ್ತದೆ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕೈಗೆ ಕಾಯಿಲೆ ಬಂದವರ ಹಾಗೆ ಸಮಾಧಾನ ಹೇಳಿದರಲ್ಲ, ಅದನ್ನು ತಡೆಯಲು ಆಗಲಿಲ್ಲ. ಹಾಲು ಹಾಕುವ ಹಾಲಿನಕ್ಕ ಬಂದಳು, ಯಾರ ಕಣ್ಣು ಬಿತ್ತೋ ಎಂದಳು. ಮೋಟಾರು ರಿಪೇರಿ ಮಾಡುವ ಪಂಪಿನವನು ಬಂದ, ಏನೂ ಹೇಳದೆ ಟ್ರೇಗಳನ್ನೇ ಬಹಳ ಹೊತ್ತು ನೋಡಿ ಹೋದ. ಹೊರಗೆ ಬೇರೆಯದೇ ಮಾತು ನಡೆದಿತ್ತು. ಸಸಿಯಕ್ಕನ ಕೈ ಮೊದಲಿನ ಹಾಗಿಲ್ಲವಂತೆ. ಗಂಡ ಗಾಡಿ ಓಡಿಸುವಾಗ ಕೇಳಿಸಿಕೊಂಡು ಬಂದು ಹೇಳಿದ, ಹೇಳಿ ತಪ್ಪು ಮಾಡಿದೆ ಎಂದುಕೊಂಡ.

ಪೊಟ್ಟಣದ ಮೇಲೆ ಗ್ರಾಹಕರ ಸೇವೆಯ ನಂಬರಿತ್ತು. ಸಸಿಯಕ್ಕ ಫೋನು ಮಾಡಿದಳು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಯಂತ್ರ ಹೇಳಿದ್ದನ್ನೆಲ್ಲ ಒತ್ತಿದಳು. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಯಂತ್ರ ಮತ್ತೆ ಮತ್ತೆ ಹೇಳಿತು. ಅಮೂಲ್ಯವಾದದ್ದನ್ನು ಯಾರಾದರೂ ಇಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಿಸುತ್ತಾರಾ ಎಂದು ಅವಳು ಯಂತ್ರಕ್ಕೇ ಬೈದಳು. ಕೊನೆಗೆ ಒಂದು ಹುಡುಗಿಯ ದನಿ ಬಂತು. ಬಹಳ ಮೆತ್ತಗಿನ ದನಿ. ಸಸಿಯಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. ಹುಡುಗಿ ಎಲ್ಲ ಕೇಳಿ, ಪೊಟ್ಟಣದ ಲಾಟ್ ನಂಬರ್ ಹೇಳಿ ಎಂದಳು.

ಯಾವ ಕಂತಿನ ಬೀಜ ಎಂದು ಗುರುತಿಸುವ ಈ ಲಾಟ್ ನಂಬರನ್ನು ಕಂಪನಿಯವರು ಅಚ್ಚು ಹಾಕಿದ್ದು ಪೊಟ್ಟಣದ ಮೇಲಂಚಿನಲ್ಲಿ. 'ಇಲ್ಲಿ ಕತ್ತರಿಸಿ' ಎಂದು ಚುಕ್ಕೆಗೆರೆ ಹಾಕಿದ್ದೂ ಅಲ್ಲೇ. ಅವರು ಹೇಳಿದ ಕಡೆಯೇ ಕತ್ತರಿಸಿ, ಅಂಚನ್ನು ಎಲ್ಲರೂ ಎಸೆಯುವ ಹಾಗೆ ಎಸೆದಿದ್ದಳು. ಗೊಬ್ಬರದ ಗುಂಡಿಗೆ ಇಳಿದು ಮೊಣಕೈವರೆಗೆ ಕೈ ಹಾಕಿ ಹುಡುಕಿದಳು. ಗಂಡ ಮೇಲೆ ನಿಂತು, ಹಾಗೇ ಕಂಪನಿಯವರ ಮಾನ ಮರ್ಯಾದೆನೂ ಅಲ್ಲೇ ಇದೆಯಾ ನೋಡು ಎಂದ. ಅವಳಿಗೆ ನಗು ಬರಲಿಲ್ಲ. ಸಿಕ್ಕಿದ ಅಂಚಿನಲ್ಲಿ ಶಾಯಿ ಅಳಿಸಿಹೋಗಿತ್ತು. ಕಡೆಗೆ ಬೀಜದ ಅಂಗಡಿಗೆ ಹೋಗಿ, ತನ್ನದೇ ಮುಖದ ಹಲಗೆಯ ಕೆಳಗೆ ನಿಂತು, ಅಂಗಡಿಯವನ ಹತ್ತಿರ ಉಳಿದಿದ್ದ ಪೊಟ್ಟಣದಿಂದ ನಂಬರು ಬರೆದುಕೊಂಡು ಬಂದಳು. ನನ್ನ ಕೈಯಲ್ಲಿ ಏನೂ ಇಲ್ಲಕ್ಕ, ನಾನು ಮಾರುವವನು ಅಷ್ಟೇ ಎಂದು ಅಂಗಡಿಯವನು ಆಗಲೇ ಕೈ ತೊಳೆದುಕೊಂಡಿದ್ದ.

ಮತ್ತೆ ಯಂತ್ರ, ಮತ್ತೆ ಅಮೂಲ್ಯ, ಮತ್ತೆ ಹುಡುಗಿ. ಈ ಸಲ ಪ್ರಶ್ನೆಗಳ ಮಳೆ. ಎಷ್ಟು ಆಳಕ್ಕೆ ಹಾಕಿದಿರಿ, ಎಷ್ಟು ಸಲ ನೀರು ಕೊಟ್ಟಿರಿ, ನೀರು ತಣ್ಣಗಿತ್ತಾ, ಟ್ರೇ ಹಳೆಯದಾ, ಪುಡಿ ಯಾವುದು, ಬೀಜವನ್ನು ಎಲ್ಲಿಟ್ಟಿದ್ದಿರಿ. ಒಂದಾದರೂ ಪ್ರಶ್ನೆ ಕಂಪನಿಯ ಬಗ್ಗೆ ಇರಲಿಲ್ಲ. ಬೀಜವನ್ನು ನೀವು ಎಲ್ಲಿಟ್ಟಿದ್ದಿರಿ ಎಂದು ಸಸಿಯಕ್ಕ ತಿರುಗಿ ಕೇಳಿದ್ದಕ್ಕೆ ಹುಡುಗಿ, ಆ ಮಾಹಿತಿ ನನಗಿಲ್ಲ ಮೇಡಂ ಎಂದಳು. ಪಾಪ, ಅವಳಿಗೆ ಕೊಟ್ಟ ಮಾತುಗಳನ್ನು ಅವಳು ಓದುತ್ತಿದ್ದಳು. ಆದರೆ ಓದಿದ ಕೊನೆಯ ಮಾತು ಸಸಿಯಕ್ಕನ ಎದೆಗೆ ನಾಟಿತು.

"ಬೇರೆ ಯಾರಿಂದಲೂ ದೂರು ಬಂದಿಲ್ಲ ಮೇಡಂ. ನಿಮ್ಮದೊಂದೇ."

ಫೋನಿಟ್ಟ ಕೂಡಲೇ, ನಮ್ಮ ಸೇವೆ ಹೇಗಿತ್ತು, ಒಂದರಿಂದ ಐದರೊಳಗೆ ಅಂಕ ಕೊಡಿ ಎಂದು ಮೆಸೇಜು ಬಂತು. ಸಸಿಯಕ್ಕ ಫೋನನ್ನು ನಾರಿನ ಪುಡಿಯ ಚೀಲದ ಮೇಲೆ ಎಸೆದಳು. ನೆಲಕ್ಕೆ ಎಸೆಯದಷ್ಟು ಬುದ್ಧಿ ಕೋಪದಲ್ಲೂ ಇತ್ತು. ನಿಮ್ಮದೊಂದೇ. ಅಂದರೆ ಏನು? ಊರೆಲ್ಲ ಮೊಳೆತು ಇಲ್ಲಿ ಮಾತ್ರ ಸತ್ತಿದೆ ಎಂದರೆ ತಪ್ಪು ಬೀಜದ್ದಲ್ಲ, ಕೈಯದ್ದು. ಅತ್ತೆ ಅಂದು ಹೇಳಿದ್ದನ್ನೇ ಈ ಹುಡುಗಿ ಮೇಡಂ ಸೇರಿಸಿ ಹೇಳಿದ್ದಳು.

ಅವಳು ಬಿಡಲಿಲ್ಲ. ಬೆಳಗ್ಗೆ ನೀರು ಹಾಕಿದ ಮೇಲೆ ಫೋನು, ಮಧ್ಯಾಹ್ನ ಊಟ ಮುಗಿಸಿ ಫೋನು. ದನಿಗಳು ಬದಲಾದವು, ಮಾತು ಬದಲಾಗಲಿಲ್ಲ. ಹೋಗಲಿ ಬಿಡೇ, ಗೋಡೆಗೆ ತಲೆ ಚಚ್ಚಿಕೊಂಡರೆ ನೋಯುವುದು ತಲೆಗೇ ಎಂದು ಗಂಡ ಹೇಳಿದ. ಗೋಡೆಗೂ ಸ್ವಲ್ಪ ನೋಯಲಿ ಎಂದಳು. ಕಡೆಗೆ ಕಾಟ ತಾಳಲಾರದೆಯೋ ಏನೋ, ಪರಿಶೀಲನೆಗೆ ಆಫೀಸರನ್ನು ಕಳಿಸುತ್ತೇವೆ ಎಂದರು.

ಬಂದವನು ಅದೇ ಇಸ್ತ್ರಿ ಅಂಗಿಯವನು, ಅಮ್ಮ ಅಮ್ಮ ಎಂದು ಬೊಗಸೆಯಲ್ಲಿ ಸಸಿ ಇಟ್ಟವನು. ಈಗ ಅಮ್ಮ ಹೋಗಿ ಮೇಡಂ ಆಗಿತ್ತು. ಅವನು ಬರುವ ಸುದ್ದಿ ತಿಳಿದು ಸಸಿಗೆ ಹೇಳಿಟ್ಟವರು, ಸ್ವಂತಕ್ಕೆ ಸಸಿ ಎಬ್ಬಿಸಿಕೊಳ್ಳುವವರು ಎಲ್ಲ ಬಂದು ನಿಂತಿದ್ದರು, ಕೆಲವರು ಸಸಿಯ ಚಿಂತೆಗೆ, ಕೆಲವರು ಜಗಳ ನೋಡುವ ಆಸೆಗೆ. ಮೇಷ್ಟ್ರಿದ್ದರು, ಹಾಲಿನಕ್ಕ ಇದ್ದಳು, ಪಂಪಿನವನು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಅತ್ತೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಆಫೀಸರು ಒಂದು ಗುಳಿಯನ್ನು ಪೆನ್ನಿನ ತುದಿಯಲ್ಲಿ ಕೆದಕಿ, ನೀರು ಜಾಸ್ತಿಯಾಗಿದೆ ಎಂದ. ಸಸಿಯಕ್ಕ ಪಕ್ಕದ ಟೊಮೆಟೊ ಸಾಲು ತೋರಿಸಿದಳು. ಟೊಮೆಟೊ ಬೇರೆ, ಇದು ಬೇರೆ ಎಂದ. ಅವಳು ಒದ್ದೆ ಬಟ್ಟೆ ಬಿಚ್ಚಿ ಅವನ ಮೂಗಿನ ಹತ್ತಿರ ಹಿಡಿದಳು. ಅವನು ಕರ್ಚೀಫು ತೆಗೆದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲ, ನೀರು, ಬಟ್ಟೆ ಎಲ್ಲವನ್ನೂ ಡೊಂಕು ಎಂದ, ಕುಣಿಯದ ಬೀಜವೊಂದನ್ನು ಬಿಟ್ಟು.

ಆಮೇಲೆ ಅವಳನ್ನು ಸ್ವಲ್ಪ ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. ಕಂಪನಿಗೆ ನಿಮ್ಮ ಮೇಲೆ ಗೌರವ ಇದೆ, ಹೊಸ ಪೊಟ್ಟಣಗಳನ್ನು ಸುಮ್ಮನೆ ಕೊಡುತ್ತೇವೆ. ಒಂದು ಸಣ್ಣ ವಿಡಿಯೋ ಮಾಡೋಣ. ನೀರು ಜಾಸ್ತಿಯಾಗಿತ್ತು, ಕಂಪನಿಯವರು ಬಂದು ಸರಿಯಾದ ವಿಧಾನ ಹೇಳಿಕೊಟ್ಟರು ಎಂದು ನೀವು ಎರಡು ಮಾತು ಹೇಳಿದರೆ ಮುಗಿಯಿತು. ಸಸಿಯಕ್ಕ ದನಿ ತಗ್ಗಿಸಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಆಗುವುದಿಲ್ಲ ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತೀರಾ, ಸತ್ತ ಬೀಜ ಮಾರಿದ್ದು ನೀವು, ತಪ್ಪಾಯಿತು ಎನ್ನಬೇಕಾದವಳು ನಾನಾ ಎಂದಳು.

ಆಗ ಆಫೀಸರಿಗೂ ರೇಗಿತು. ಜೇಬಿನಿಂದ ಫೋನು ತೆಗೆದು, ಹುಡುಕಿ, ದನಿ ಜೋರು ಮಾಡಿ ಎಲ್ಲರ ಮುಂದೆ ಹಿಡಿದ. ಚಪ್ಪರದಡಿ ಸಸಿಯಕ್ಕನದೇ ದನಿ ಕೇಳಿಸಿತು. ಬೀಜದಲ್ಲೇನಿದೆ, ಎಲ್ಲಾ ನನ್ನ ಕೈಗುಣ.

"ನೀವೇ ಹೇಳಿದ್ದಲ್ವಾ ಮೇಡಂ" ಎಂದ ಅವನು. "ಬಂದಾಗ ಕೈಗುಣ, ಬರದಿದ್ದಾಗ ನಮ್ಮ ಬೀಜಾನಾ?"

ಯಾರೋ ಕಿಸಕ್ಕನೆ ನಕ್ಕರು. ಗಂಡ ನೆಲ ನೋಡಿದ. ಸಸಿಯಕ್ಕನ ಕಿವಿ ಬಿಸಿಯಾಯಿತು. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಹಲಗೆಯ ಮೇಲೆ ಕೈ ಚಾಚಿ ನಿಂತವಳು ಅವಳೇ. ಹೊಗಳಿಕೆಯನ್ನೆಲ್ಲ ಕೈಗೆ ತೆಗೆದುಕೊಂಡ ಮೇಲೆ ಬೈಗುಳವನ್ನು ಬೇರೆ ಯಾರ ಕೈಗೆ ಕೊಡುವುದು? ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು. ಕೈಗುಣ ಉಂಟು ಎಂದರೆ ಅದು ಕೆಟ್ಟಿದೆ ಎಂದೂ ಒಪ್ಪಬೇಕು. ಇಲ್ಲ ಎಂದರೆ ಇಷ್ಟು ವರ್ಷ ಗಳಿಸಿದ ಹೆಸರನ್ನು ಇವತ್ತು ಇವರೆಲ್ಲರ ಮುಂದೆ ತಾನೇ ಗೊಬ್ಬರದ ಗುಂಡಿಗೆ ಹಾಕಬೇಕು. ಅತ್ತೆಗೆ ಕೊಟ್ಟ ಉತ್ತರ ಎಂದು ಅವಳ ಹತ್ತಿರ ಇದ್ದದ್ದು ಆ ಹೆಸರೊಂದೇ.

ಅವಳು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿ, ಹಲಗೆಯಲ್ಲಿದ್ದ ಹಾಗೇ ಮುಂದಕ್ಕೆ ಚಾಚಿದಳು.

"ಹೇಳಿದ್ದೆ. ಸುಳ್ಳು ಹೇಳಿದ್ದೆ" ಎಂದಳು. "ಈ ಕೈಯಲ್ಲಿ ಏನೂ ಇಲ್ಲ. ಯಾವತ್ತೂ ಇರ್ಲಿಲ್ಲ. ಬೀಜ ಚೆನ್ನಾಗಿದ್ದಾಗ ಬಂತು, ಜೀವ ಇಲ್ದೇ ಇದ್ದಾಗ ಬರ್ಲಿಲ್ಲ. ನೀವೆಲ್ಲ ಕೈಗುಣ ಅಂದ್ರಿ, ನಂಗೂ ಹಿತವಾಗಿತ್ತು, ಹೂಂ ಅಂದೆ. ಇನ್ನು ಯಾರೂ ನನ್ನ ಕೈಗೆ ಪೊಟ್ಟಣ ಕೊಡ್ಬೇಡಿ. ತಗೊಳ್ಳೋವಾಗ ಇವರನ್ನ ಕೇಳಿ, ಒಳಗಿರೋದಕ್ಕೆ ಜೀವ ಇದೆಯಾ ಅಂತ."

ಆಫೀಸರು ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತ, ಏನೇ ಆದರೂ ನಮಗೆ ಬಂದಿರುವ ದೂರು ನಿಮ್ಮದೊಂದೇ ಎಂದ. ಈ ಮಾತನ್ನು ಅವನು ಹೇಳಬಾರದಿತ್ತು.

ಕಂಬಕ್ಕೆ ಒರಗಿದ್ದ ಪಂಪಿನವನು ನೆಟ್ಟಗಾದ. "ನನಗೂ ಹಾಗೇ ಹೇಳಿದ್ರಿ" ಎಂದ. "ನಿಮ್ಮದೊಂದೇ ಅಂತ."

ಅವನದು ಮಾತು ಕಡಿಮೆ, ಅವತ್ತು ಮಾತ್ರ ಕಟ್ಟೆ ಒಡೆದ ಹಾಗೆ ಹೇಳಿದ. ಅವನೂ ಅದೇ ಬೀಜ ತಂದು, ಮನೆಯ ಮಹಡಿಯ ಮೇಲೆ ತಾನೇ ಟ್ರೇ ಇಟ್ಟಿದ್ದ. ಒಂದೂ ಎದ್ದಿರಲಿಲ್ಲ. ಫೋನು ಮಾಡಿದರೆ ನೀರು ಜಾಸ್ತಿಯಾಯಿತು, ದೂರು ನಿಮ್ಮದೊಂದೇ ಎಂದಿದ್ದರು. ಸಸಿಯಕ್ಕನ ಕೈಗೆ ಮುಟ್ಟಿಸದೆ ಹಾಕಿದ್ದಕ್ಕೇ ಹೀಗಾಯಿತು ಎಂದು ಹೆಂಡತಿ ಅಂದಾಳೆಂದು, ಅವಳು ನೋಡುವ ಮೊದಲೇ ಎಲ್ಲವನ್ನೂ ಮೋರಿಗೆ ಸುರಿದು ಟ್ರೇ ತೊಳೆದಿಟ್ಟಿದ್ದ. ಸಸಿಯಕ್ಕನ ಟ್ರೇ ನೋಡಲು ಬಂದವನು ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಅವನು ಮುಗಿಸುವ ಮುಂಚೆ ಹಾಲಿನಕ್ಕ, ತನ್ನ ತಂಗಿಯ ಮನೆಯಲ್ಲೂ ಹೀಗೇ ಆಯಿತಂತೆ, ನನ್ನ ಕೈ ಸರಿಯಿಲ್ಲ ಅಕ್ಕ ಎಂದು ಅತ್ತಳಂತೆ ಎಂದಳು. ಹಿಂದಿನಿಂದ ಇನ್ನೊಬ್ಬರು ಹೂಂ ಎಂದರು, ಅವರ ಪಕ್ಕದವರೂ ಎಂದರು. ಸ್ವಂತಕ್ಕೆ ಹಾಕಿಕೊಂಡ ಎಲ್ಲರ ಬೀಜವೂ ಸತ್ತಿತ್ತು, ಎಲ್ಲರೂ ಅವರವರ ಕೈಯನ್ನೇ ಅನುಮಾನಿಸಿ ಬಾಯಿ ಮುಚ್ಚಿಕೊಂಡಿದ್ದರು. ಅಂಗಡಿಯ ಮೇಲಿನ ಹಲಗೆ ದಿನಾ ಅದನ್ನೇ ಹೇಳುತ್ತಿತ್ತಲ್ಲ, ಒಳ್ಳೆ ಕೈಗೆ ಒಳ್ಳೆ ಬೀಜ ಎಂದು. ಬೀಜ ಮೊಳೆಯದವನು ಎದ್ದು ನಿಂತು, ನನ್ನದು ಒಳ್ಳೆ ಕೈಯಲ್ಲ ಎಂದು ಯಾಕೆ ಸಾರಿಕೊಳ್ಳುತ್ತಾನೆ?

ಮೇಷ್ಟ್ರು ಮತ್ತೆ ಕೆಮ್ಮಿದರು. ತಾವು ಹೇಳಿಟ್ಟ ಬೇರೆ ನರ್ಸರಿಯಲ್ಲೂ ಮೆಣಸಿನಕಾಯಿಯ ಟ್ರೇ ಖಾಲಿಯೇ ಎಂದರು. ಸಸಿಯಕ್ಕನ ಮುಖ ನೋಡದೆ ಹೇಳಿದರು, ಆದರೂ ಹೇಳಿದರು.

ಸಸಿಯಕ್ಕನ ಒಳಗಿನ ಕೋಪ ಹೊರಬಿದ್ದದ್ದು ಆಗ. ಇಷ್ಟು ಹೊತ್ತು ಅವಳು ತನ್ನೊಬ್ಬಳ ಕೈಗಾಗಿ ಸಿಟ್ಟಾಗಿದ್ದಳು. ಆಫೀಸರನ ಎದುರಿಗೆ ಹೋಗಿ ನಿಂತಳು. ಕೂಗಲಿಲ್ಲ, ಕೂಗದೆ ಇದ್ದದ್ದನ್ನು ಕಂಡೇ ಗಂಡನಿಗೆ ಹೆದರಿಕೆಯಾಯಿತು. ಒಬ್ಬೊಬ್ಬರಿಗೂ ನೀನೊಬ್ಬನೇ ಎಂದು ಹೇಳಿ ಒಬ್ಬೊಬ್ಬರನ್ನೇ ಒಂಟಿ ಮಾಡಿದಿರಲ್ಲ, ಹಾಲಿನಕ್ಕನ ತಂಗಿ ಮನೆಯಲ್ಲಿ ಕೂತು ತನ್ನ ಕೈ ನೋಡಿಕೊಂಡು ಅತ್ತಳಲ್ಲ, ಅದಕ್ಕೆ ಯಾವ ಪೊಟ್ಟಣ ಕೊಡುತ್ತೀರಿ ಎಂದು ಕೇಳಿದಳು. ಈಗ ತೆಗೆಯಿರಿ ವಿಡಿಯೋ, ನಾನು ಹೇಳುತ್ತೇನೆ ಎಂದಳು. ಅವನು ತೆಗೆಯಲಿಲ್ಲ. ಪಂಪಿನವನು ತೆಗೆದ. ಗ್ರೀಸು ಹತ್ತಿದ ಕೈಯಲ್ಲಿ ಫೋನು ಹಿಡಿದು, ಖಾಲಿ ಟ್ರೇಗಳನ್ನೂ ನಿಂತಿದ್ದವರನ್ನೂ ಸಸಿಯಕ್ಕನನ್ನೂ ಒಂದಾದ ಮೇಲೊಂದು ತೋರಿಸಿದ. ಒಬ್ಬೊಬ್ಬರೂ ತಮ್ಮ ಬೀಜದ ಕತೆ ಹೇಳಿದರು. ಇಸ್ತ್ರಿ ಅಂಗಿ ಯಾವಾಗ ಗಾಡಿ ಹತ್ತಿ ಹೋಯಿತೋ ಯಾರೂ ನೋಡಲಿಲ್ಲ.

ಹಳೆಯ ವಿಡಿಯೋ ಹೋದ ದಾರಿಯಲ್ಲೇ ಹೊಸದೂ ಹೋಯಿತು, ಇನ್ನೂ ಬೇಗ ಹೋಯಿತು. ಕೆಲವು ದಿನಕ್ಕೆ ಅಂಗಡಿಗೆ ಬೇರೆ ಲಾಟಿನ ಪೊಟ್ಟಣಗಳು ಬಂದವು, ಕೇಳಿದವರಿಗೆಲ್ಲ ಸುಮ್ಮನೆ ಕೊಟ್ಟರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಮೆತ್ತಗಿನ ದನಿಯ ಹುಡುಗಿ ಫೋನು ಮಾಡಿ, ನಿಮ್ಮ ದೂರು ಬಗೆಹರಿದಿದೆ, ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. ಸೊನ್ನೆ ಇದೆಯಾ ಎಂದಳು ಸಸಿಯಕ್ಕ. ಒಂದರಿಂದ ಶುರು ಮೇಡಂ ಎಂದಳು ಹುಡುಗಿ. ಹಾಗಾದರೆ ಆ ಒಂದನ್ನು ನೀನಿಟ್ಟುಕೋ, ಅವರಿಗೆ ಕೊಡಬೇಡ ಎಂದಳು. ಆ ಕಡೆಯಿಂದ ಸಣ್ಣ ನಗು ಕೇಳಿಸಿದ ಹಾಗಾಯಿತು.

ಸಸಿಯಕ್ಕ ಗಂಡನ ಗಾಡಿ ಹತ್ತಿ ಬೀಜದ ಅಂಗಡಿಗೆ ಹೋಗಿ ಏಣಿ ಹಾಕಿಸಿ ಹಲಗೆ ಇಳಿಸಿದಳು. ಕಂಪನಿಯವರು ಕೇಳಿದರೆ ಏನು ಹೇಳಲಿ ಎಂದು ಅಂಗಡಿಯವನು ಗೊಣಗಿದ. ನೀನು ಮಾರುವವನು ಅಷ್ಟೇ ಅಲ್ವಾ, ನಿನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳು ಎಂದಳು. ಹಲಗೆಯನ್ನು ಚಪ್ಪರದಡಿ ನಾಲ್ಕು ಗೂಟದ ಮೇಲೆ ಮುಖ ಕೆಳಗೆ ಮಾಡಿ ಹಾಸಿದಳು. ಟ್ರೇ ತುಂಬಲು ಒಳ್ಳೆಯ ಮೇಜಾಯಿತು.

ಹೊಸ ಬೀಜ ಸರಿಯಾಗಿ ಮೊಳೆಯಿತು. ತಡವಾಗಿಯಾದರೂ ಸಸಿಗಳು ಹೊಲ ಸೇರಿದವು. ಹೋಗಿದ್ದ ಮೇಷ್ಟ್ರು ಬಂದರು, ಹೋದ ಇನ್ನು ಕೆಲವರು ಬರಲೇ ಇಲ್ಲ. ಗುಣವೇ ಇಲ್ಲದ ಕೈ ಆದರೆ ಹತ್ತಿರದ ನರ್ಸರಿಯೇ ಸಾಕು ಎಂದರಂತೆ. ಅದು ಅವಳಿಗೆ ಚುಚ್ಚಿತು, ಚುಚ್ಚಲಿಲ್ಲ ಎಂದರೆ ಸುಳ್ಳು. ಬಂದವರಲ್ಲಿ ಒಬ್ಬರು ಹಳೆಯ ಅಭ್ಯಾಸಕ್ಕೆ, ಕೈಗುಣ ವಾಪಸ್ಸು ಬಂತಲ್ಲಮ್ಮ ಎಂದದ್ದಕ್ಕೆ, ಬಾಯಿಗೆ ಬಂದದ್ದನ್ನೆಲ್ಲ ಬೈದು ಕಳಿಸಿದಳು. ಅವರಿಗೆ ಚಹಾ ಸಿಗಲಿಲ್ಲ.

ಒಂದು ಸಂಜೆ ಹಿತ್ತಲ ಬಾಗಿಲಲ್ಲಿ ಅತ್ತೆ ಕೂತಿದ್ದರು. ಸಸಿಯಕ್ಕ ಹೊಸ ಮೇಜಿನ ಮೇಲೆ ಟ್ರೇಗೆ ಪುಡಿ ತುಂಬುತ್ತಿದ್ದಳು. ಆಫೀಸರು ಬಂದು ಹೋದ ದಿನದಿಂದ ಅತ್ತೆ ಆ ವಿಷಯ ಎತ್ತಿರಲಿಲ್ಲ. ಈಗ, ಏನೋ ಸಾಮಾನಿನ ವಿಚಾರ ಕೇಳುವವರ ಹಾಗೆ ಕೇಳಿದರು.

"ಕೈಯಲ್ಲಿ ಏನೂ ಇಲ್ಲ ಅಂದ್ಯಲ್ಲ. ಹಾಗಾದ್ರೆ ಆ ಗುಲಾಬಿ ಯಾಕೆ ಸತ್ತೋಯ್ತು?"

ಎಷ್ಟು ವರ್ಷದಿಂದ ಅವಳು ಈ ಪ್ರಶ್ನೆಗೆ ಕಾದಿದ್ದಳೋ. ಒಬ್ಬಳೇ ಇರುವಾಗ ಎಷ್ಟು ಸಲ ಇದಕ್ಕೆ ಖಾರವಾದ ಉತ್ತರ ಕೊಟ್ಟಿದ್ದಳೋ. ಈಗ ಒಂದೂ ನೆನಪಾಗಲಿಲ್ಲ.

"ಬೇರು ಕೊಳೆತಿತ್ತು ಅತ್ತೆ" ಎಂದಳು. "ನೀವು ಕೊಟ್ಟಾಗ್ಲೇ ಕೊಳೆತಿತ್ತು."

ಸಸಿಯಕ್ಕ ತುಂಬಿದ ಗುಳಿಯನ್ನೇ ಮತ್ತೆ ತುಂಬಿದಳು.

"ಇದ್ರೂ ಇರ್ಬಹುದು" ಎಂದರು ಅತ್ತೆ. ಕುರ್ಚಿಯ ಕೈ ಹಿಡಿದು ಎದ್ದು, ಒಳಗೆ ಹೊರಟವರು ಬಾಗಿಲಲ್ಲಿ ನಿಂತರು. "ನಾಳೆಯಿಂದ ಕಿಟಕಿ ಮೇಲಿನ ಕುಂಡಕ್ಕೆ ನೀನೇ ನೀರು ಹಾಕು. ನಂಗೆ ಚೊಂಬು ಎತ್ತೋಕೆ ಆಗಲ್ಲ."

ಬೆಳಗ್ಗೆ ಸಸಿಯಕ್ಕ ಚೊಂಬು ಹಿಡಿದು ಕಿಟಕಿಯ ಹತ್ತಿರ ಹೋದಳು. ಚಪ್ಪರದ ತುಂಬ ಸಸಿ ಎಬ್ಬಿಸಿದವಳು ಆ ನಾಲ್ಕಾರು ಕುಂಡಗಳ ಮಣ್ಣನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು. ಮೊದಲನೆಯ ಕುಂಡದ ಬುಡಕ್ಕೆ ಸಣ್ಣ ಧಾರೆ ಬಿಟ್ಟಳು, ಮಣ್ಣು ಕುಡಿಯುವವರೆಗೆ ಕಾದು ಎರಡನೆಯದಕ್ಕೆ ಹೋದಳು.

ಒಳಗಿನ ಕೋಣೆಯಿಂದ ಅತ್ತೆ ಕೂಗಿ ಹೇಳಿದರು, "ನೀರು ಜಾಸ್ತಿಯಾಯ್ತು."

ಸಸಿಯಕ್ಕನಿಗೆ ಕೋಪ ಬಂತು. ಮೂಗಿನ ತುದಿಯದು. ಮೂರನೆಯ ಕುಂಡಕ್ಕೆ ಬರುವಷ್ಟರಲ್ಲಿ ಇಳಿದಿತ್ತು.